ಮೊರದ ಮೇಲಿನ ಪದರಗಳು

ದೇವನೂರು ಅಂದರೆ ಲಕ್ಷ್ಮೀಶ ಕವಿ, ಲಕ್ಷ್ಮೀಕಾಂತನ ಗುಡಿ. ನಮ್ಮೂರ ಚರಿತ್ರೆ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಳೆಯ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಗುಡಿಯಲ್ಲಿ ಒಡೆದದ್ದು, ಬಿರುಕು ಬಿಟ್ಟದ್ದನ್ನು ಸರಿಮಾಡಿಸಲು ಕೊಟ್ಟ ದತ್ತಿಯ ಲೆಕ್ಕ ಅದು. ಮನೆಯಲ್ಲಿ ಮುರಿದದ್ದನ್ನು ಸರಿಮಾಡಿದ ಹೆಂಗಸರ ಲೆಕ್ಕವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ.

ಅದು ಬೇಕಿದ್ದರೆ ಅಟ್ಟದ ಮೇಲಿನ ಹಳೆಯ ಮೊರ ಇಳಿಸಿ ನೋಡಿ. ಬಿದಿರಿನ ಹೆಣಿಗೆ ಸಡಿಲಾದರೆ ಸಂದಿಯಲ್ಲಿ ರಾಗಿ ಸೋರುತ್ತದೆ. ಅದಕ್ಕೆ ಸಗಣಿ ಬಳಿಯುವುದು ಹಳೆಯ ಪದ್ಧತಿ. ಶಾಲೆ, ಪತ್ರಿಕೆ ಬಂದು ರದ್ದಿ ಕಾಗದ ಕೈಗೆ ಸಿಕ್ಕ ಮೇಲೆ ಇನ್ನೊಂದು ಸೇರಿತು: ಕಾಗದವನ್ನೂ ಮೆಂತ್ಯವನ್ನೂ ನೆನೆಹಾಕಿ, ಒರಳಲ್ಲಿ ನುಣ್ಣಗೆ ರುಬ್ಬಿ, ಮೊರಕ್ಕೆ ತೆಳ್ಳಗೆ ಮೆತ್ತಿ ಬಿಸಿಲಿಗಿಡುವುದು. ಮೆಂತ್ಯದ ಲೋಳೆಯೇ ಅಂಟು. ಕಾಗದದ ನಾರು ಸಂದಿ ಮುಚ್ಚುತ್ತದೆ. ನಮ್ಮಂಥ ವರದಿಗಾರರ ಸುದ್ದಿ ಎಷ್ಟೋ ಸಲ ಕೊನೆಗೆ ಸೇರಿದ್ದು ಇಲ್ಲಿಗೇ! ಈಗ ಮಾಡುವವರು ಮಾತ್ರ ಖಾಲಿ ಕಾಗದ ಬಳಸಿ. ಪತ್ರಿಕೆಯ ಮಸಿ ಆಹಾರಕ್ಕೆ ತಾಗಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಎಚ್ಚರಿಸಿದೆ.

ಹಿತ್ತಾಳೆ ಪಾತ್ರೆಗೆ ಮಾತ್ರ ಹೊರಗಿನ ಕೈ ಬೇಕಿತ್ತು. ಕಲಾಯಿಯವನು ತಿದಿ ಊದಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಸವರುತ್ತಿದ್ದ. ಇಲ್ಲದಿದ್ದರೆ ಹುಳಿ ಪದಾರ್ಥ ಕಿಲುಬುತ್ತಿತ್ತು. ಸ್ಟೀಲ್ ಬಂತು, ಅವನು ಬರುವುದು ನಿಂತಿತು. ಮೊರದ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಅದು ಸೀಳಿದರೆ ಮೆಂತ್ಯ ಹಿಡಿಯುವುದಿಲ್ಲ, ತಿಪ್ಪೆಗೇ.

ನಿಮ್ಮ ಮನೆಯಲ್ಲಿ ಮೊರ ಮೆತ್ತಿದ ಅಜ್ಜಿ ಇದ್ದರೆ, ಎಷ್ಟು ಕಾಗದಕ್ಕೆ ಎಷ್ಟು ಮೆಂತ್ಯ ಎಂದು ಕೇಳಿ ಬರೆದಿಟ್ಟುಕೊಳ್ಳಿ, ಅವರ ಹೆಸರಿನ ಸಮೇತ.