ಇಬ್ಬರು ಒಡೆಯರ ಸೈನಿಕ

ಸೈನಿಕನೊಬ್ಬನಿಗೆ ಇಬ್ಬರು ಒಡೆಯರಾದರೆ ಅವನು ಯಾರ ಮಾತನ್ನು ಕೇಳಬೇಕು? ವಾಚಕರೇ, ಅಮೆರಿಕದಲ್ಲಿ ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇ ಏರಿತು.

ಅಲ್ಲಿಯ ಪ್ರತಿ ರಾಜ್ಯಕ್ಕೂ ‘ನ್ಯಾಷನಲ್ ಗಾರ್ಡ್’ ಎಂಬ ಮೀಸಲು ಪಡೆಯುಂಟು. ನೆರೆ ಬಂದಾಗ, ದೊಂಬಿಯೆದ್ದಾಗ ಗವರ್ನರು ಕರೆಯುವುದು ಇದನ್ನೇ. ಅಲ್ಲಿಯ ಗವರ್ನರು ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರಿಂದ ಚುನಾಯಿತರು. 1952ರ ಶಾಸನದಂತೆ, ತುರ್ತುಸ್ಥಿತಿ ಇಲ್ಲದಾಗ ಕೇಂದ್ರವು ಈ ಪಡೆಯನ್ನು ಕರೆಯಲು ಗವರ್ನರ ಸಮ್ಮತಿ ಬೇಕಾಗಿತ್ತು. 1985ರಲ್ಲಿ ಕ್ಯಾಲಿಫೋರ್ನಿಯ ಮತ್ತು ಮೇನ್ ರಾಜ್ಯಗಳ ಗವರ್ನರುಗಳು ತಮ್ಮವರನ್ನು ತರಬೇತಿಗಾಗಿ ಹೊಂಡುರಾಸಿಗೆ ಕಳುಹಿಸಲು ಒಪ್ಪಲಿಲ್ಲ. ಮರುವರ್ಷವೇ ಕಾಂಗ್ರೆಸ್ಸು ಕಾನೂನನ್ನು ತಿದ್ದಿತು: ವಿದೇಶದಲ್ಲಿನ ಸೇವೆಯ ಸ್ಥಳ ಅಥವಾ ಉದ್ದೇಶ ಹಿಡಿಸಲಿಲ್ಲವೆಂದು ಸಮ್ಮತಿಯನ್ನು ತಡೆಹಿಡಿಯುವಂತಿಲ್ಲ.

ಮಿನೆಸೋಟದ ಗವರ್ನರ್ ರೂಡಿ ಪರ್ಪಿಚ್ ದಾವೆ ಹೂಡಿದರು. ನಾಗರಿಕ ಪಡೆಯ ತರಬೇತಿಯ ಅಧಿಕಾರವನ್ನು ಸಂವಿಧಾನವೇ ರಾಜ್ಯಗಳಿಗೆ ಉಳಿಸಿದೆಯಲ್ಲವೆ, ಎಂಬುದು ಅವರ ವಾದ. 1990ರಲ್ಲಿ ನ್ಯಾಯಾಲಯವು ಒಮ್ಮತದಿಂದ ಕೇಂದ್ರದ ಪರವಾಗಿ ತೀರ್ಪಿತ್ತಿತು. 1933ರಿಂದ ಗಾರ್ಡಿಗೆ ಸೇರುವವನು ಏಕಕಾಲಕ್ಕೆ ರಾಜ್ಯದ ಪಡೆಗೂ ರಾಷ್ಟ್ರದ ಮೀಸಲು ಪಡೆಗೂ ಸೇರುತ್ತಾನೆ. ಕೇಂದ್ರವು ಕರೆದ ಗಳಿಗೆಯಿಂದ ಅವನು ರಾಜ್ಯದ ಸೈನಿಕನಲ್ಲ.

ಆದರೂ ನ್ಯಾಯಾಲಯವು ಒಂದು ಕಿಂಡಿಯನ್ನು ಗುರುತಿಸಿತು. ಪಡೆ ಹೋದರೆ ಸ್ಥಳೀಯ ವಿಪತ್ತನ್ನು ಎದುರಿಸುವುದು ಕಷ್ಟವಾಗುವುದಾದರೆ, ಗವರ್ನರು ಆಗಲೂ ಬೇಡವೆನ್ನಬಹುದು. ದೂರದ ನೀತಿಯನ್ನು ಪ್ರಶ್ನಿಸುವ ಹಕ್ಕು ಹೋಯಿತು. ಮನೆಯನ್ನು ಕಾಯುವ ಹಕ್ಕು ಉಳಿಯಿತು. ಒಕ್ಕೂಟದಲ್ಲಿ ಬಾಳುವ ನಾವೂ ಯೋಚಿಸಬೇಕಾದ ವಿಷಯವಿದು.