ಕೆಲಸ ಕಲಿಸುವವರ ಕಾನೂನು ಹೊಣೆ: ಮಂಡ್ಯ, ಮದ್ದೂರು, ಮಳವಳ್ಳಿ

ಕಾರ್ಖಾನೆ, ಡೇರಿ, ವಿದ್ಯುದಾಗಾರಗಳಲ್ಲಿ ಹೊಸಬರಿಗೆ ಕೆಲಸ ಕಲಿಸುವವರು ಕಲಿಯುವವರ ಜೀವ ಮತ್ತು ಆರೋಗ್ಯದ ವಿಷಯದಲ್ಲಿ ಕಾನೂನಿನಂತೆ ಹೊರಬೇಕಾದ ಕರ್ತವ್ಯವೇ ಈ ಹೊಣೆ. ಭಾರತದಲ್ಲಿ ತರಬೇತಿ ಕೊಡಿಸುವ ಮೂಲ ಹೊಣೆ ಮಾಲೀಕನದು. ಕಲಿಸುವವನನ್ನು ಕಾನೂನು ಉದ್ಯೋಗಿಯೆಂದು, ಮೇಲ್ವಿಚಾರಕನೆಂದು, ಕೆಲವೊಮ್ಮೆ ಆರೋಪಿಯೆಂದು ಬೇರೆ ಬೇರೆ ದಾರಿಯಲ್ಲಿ ತಲುಪುತ್ತದೆ.

ಮಂಡ್ಯ ಜಿಲ್ಲೆಯಲ್ಲಿ ಈ ಪ್ರಶ್ನೆ ಮೊದಲು ಏಳುವುದು ಸಕ್ಕರೆ ಕಾರ್ಖಾನೆಗಳಲ್ಲಿ. 1933ರಲ್ಲಿ ಆರಂಭವಾದ ಮೈಷುಗರ್ ಇರುವುದು ಮಂಡ್ಯ ನಗರದಲ್ಲಿ. ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಭಾರತೀನಗರದಲ್ಲೂ ಕಾರ್ಖಾನೆಗಳಿವೆ. ಕಬ್ಬು ಅರೆಯುವುದು ಹಂಗಾಮಿನ ಕೆಲಸ. ಹಂಗಾಮಿಗೆ ಬರುವ ಹೊಸಬನಿಗೆ ಮಿಲ್ಲಿನ ರೋಲರು, ಸಿಪ್ಪೆ ಸಾಗಿಸುವ ಬೆಲ್ಟು, ಬಾಯ್ಲರಿನ ಆವಿ ಇವುಗಳ ಅಪಾಯವನ್ನು ತಿಳಿಸುವವನು ಸಾಮಾನ್ಯವಾಗಿ ಹಳೆಯ ಫಿಟ್ಟರೋ ಮೇಸ್ತ್ರಿಯೋ ಆಗಿರುತ್ತಾನೆ. ಹುದ್ದೆಯ ಹೆಸರು ಏನೇ ಇರಲಿ, ತರಬೇತುದಾರ ಅವನೇ.

1948ರ ಕಾರ್ಖಾನೆಗಳ ಕಾಯ್ದೆಗೆ, ಭೋಪಾಲ್ ದುರಂತದ ನಂತರ 1987ರಲ್ಲಿ, 7ಎ ಕಲಂ ಸೇರಿತು. ಮಾಹಿತಿ, ಸೂಚನೆ, ತರಬೇತಿ, ಮೇಲ್ವಿಚಾರಣೆ ನಾಲ್ಕನ್ನೂ ಒದಗಿಸುವುದು ಅಧಿಭೋಗದಾರನ, ಅಂದರೆ ಕಾರ್ಖಾನೆಯ ಮೇಲೆ ಅಂತಿಮ ಹಿಡಿತವಿರುವವನ, ಕರ್ತವ್ಯ ಎಂದು ಅದು ಹೇಳಿತು. 111ಎ ಕಲಂ ತರಬೇತಿಯನ್ನು ಕಾರ್ಮಿಕನ ಹಕ್ಕಾಗಿಸಿತು. ಕಲಿಸುವವನ ಯೋಗ್ಯತೆಯನ್ನು ಸ್ಪಷ್ಟವಾಗಿ ಅಳೆದದ್ದು 23ನೇ ಕಲಂ: ಅಪಾಯಕಾರಿ ಯಂತ್ರದ ಮುಂದೆ ಎಳೆಯರನ್ನು ನಿಲ್ಲಿಸುವ ಮೊದಲು ಅಪಾಯವನ್ನು ಪೂರ್ತಿ ತಿಳಿಸಿರಬೇಕು, ಜೊತೆಗೆ ಸಾಕಷ್ಟು ತರಬೇತಿ ಆಗಿರಬೇಕು, ಇಲ್ಲವೇ ಆ ಯಂತ್ರವನ್ನು ಚೆನ್ನಾಗಿ ಬಲ್ಲ ಅನುಭವಿಯೊಬ್ಬ ನೋಡಿಕೊಳ್ಳುತ್ತಿರಬೇಕು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಈ ಷರತ್ತು ಈಡೇರುತ್ತಿರಲಿಲ್ಲ. ಕಲಿಯುವವನಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿದ್ದನ್ನು ತಿಳಿಸಿದಂತೆ ಎನ್ನಲಾಗದು. ಹೊರ ರಾಜ್ಯದವರು ದುಡಿಯುವ ಕಡೆ ಇದು ಜೀವದ ಪ್ರಶ್ನೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020, ಈ ಕಾಯ್ದೆಯ ಜಾಗಕ್ಕೆ ಬಂದಿದೆ. ತರಬೇತಿಯ ಹೊಣೆ ಮಾಲೀಕನ ಮೇಲೆಯೇ ಉಳಿದಿದೆ. ಯಂತ್ರಗಳ ಕುರಿತ ವಿವರಗಳನ್ನು ಮಾತ್ರ ಮಾನದಂಡ, ನಿಯಮಗಳಿಗೆ ಬಿಡಲಾಗಿದೆ. ಕಾಯ್ದೆಯಲ್ಲೇ ಇದ್ದ ಅಳತೆಗೋಲು ಹೀಗೆ ಕೆಳಗಿಳಿದದ್ದು ಕಾರ್ಮಿಕನಿಗೆ ನಷ್ಟವೇ. ತನ್ನ ಕೃತ್ಯ ಅಥವಾ ಲೋಪದಿಂದ ಬೇರೆಯವರಿಗೆ ತೊಂದರೆಯಾಗದಂತೆ ಪ್ರತಿ ಉದ್ಯೋಗಿಯೂ ಎಚ್ಚರ ವಹಿಸಬೇಕೆನ್ನುವ ಸಂಹಿತೆಯ 13ನೇ ಕಲಂ ಕಲಿಸುವ ಫಿಟ್ಟರಿಗೂ ಅನ್ವಯಿಸುತ್ತದೆ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಹೊಣೆಗಾರನಿಗೆ 2 ವರ್ಷದವರೆಗೆ ಸೆರೆ, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಮೃತನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬರುವವರಿಗೆ 1961ರ ಶಿಶಿಕ್ಷು ಕಾಯ್ದೆಯ ರಕ್ಷಣೆಯಿದೆ. ಅಪ್ರೆಂಟಿಸ್ ಕಾರ್ಮಿಕನಲ್ಲ ಎಂದು ಆ ಕಾಯ್ದೆ ಹೇಳಿದರೂ ಸುರಕ್ಷತೆ ಮತ್ತು ಗಾಯದ ಪರಿಹಾರದ ಮಟ್ಟಿಗೆ ಅವನನ್ನು ಕಾರ್ಮಿಕನಂತೆಯೇ ಕಾಣುತ್ತದೆ. ಮಾಲೀಕನಿಗೆ ಆ ಕಸುಬಿನ ಅರ್ಹತೆ ಇಲ್ಲದಿದ್ದರೆ, ನಿಗದಿತ ಅರ್ಹತೆ ಇರುವವನನ್ನು ತರಬೇತಿಯ ಉಸ್ತುವಾರಿಗೆ ನೇಮಿಸಲೇಬೇಕು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ (1902) ಮತ್ತು ಶಿಂಷಾ (1940) ಜಲವಿದ್ಯುದಾಗಾರಗಳಂಥ ಕಡೆ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯೂ ಸೇರಿಕೊಳ್ಳುತ್ತದೆ. ಎಂಜಿನಿಯರ್ ಮತ್ತು ತಂತ್ರಜ್ಞರಿಗೆ ಎಂಥ ತರಬೇತಿ ಆಗಿರಬೇಕೆಂದು ಅದು ಗೊತ್ತುಮಾಡಿದೆ. ಗೆಜ್ಜಲಗೆರೆಯ ಹಾಲು ಒಕ್ಕೂಟ, ಮದ್ದೂರಿನ ಗಾರ್ಮೆಂಟ್ ಕಾರ್ಖಾನೆಗಳು ಮೇಲೆ ಹೇಳಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ವ್ಯಾಪ್ತಿಗೆ ಬರುತ್ತವೆ.

ಆಲೆಮನೆಗಳ ಸ್ಥಿತಿ ಬೇರೆ. ಗಾಣಕ್ಕೆ ಕಬ್ಬು ಕೊಡುವವನ ಕೈಗೂ ರೋಲರಿಗೂ ನಡುವೆ ಅಂತರ ಅತಿ ಕಡಿಮೆ. ಕೆಲಸವನ್ನು ನೋಡಿಯೇ ಕಲಿಯಬೇಕು. ಹತ್ತಕ್ಕಿಂತ ಕಡಿಮೆ ಆಳುಗಳಿದ್ದಲ್ಲಿ, ಸರ್ಕಾರ ಅಪಾಯಕಾರಿ ಎಂದು ಅಧಿಸೂಚಿಸದ ಹೊರತು, ಸಂಹಿತೆ ಅನ್ವಯಿಸುವುದಿಲ್ಲ. ಅಲ್ಲಿ ಉಳಿಯುವುದು ಭಾರತೀಯ ನ್ಯಾಯ ಸಂಹಿತೆ: ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ 289ನೇ ಕಲಂ, ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಸೆರೆವಾಸದ 106ನೇ ಕಲಂ. ಇವೆರಡೂ ಮಾಲೀಕನಿಗೂ ಕಲಿಸಿದವನಿಗೂ ಸಮನಾಗಿ ಅನ್ವಯಿಸುತ್ತವೆ, ಆದರೆ 106ನೇ ಕಲಂ ಸಾವಾದ ಮೇಲಷ್ಟೇ.