ರೇಡಿಯೋ ಗುಳಿಗೆ ಮತ್ತು ಅನ್ನನಾಳದ ಆಮ್ಲಪರೀಕ್ಷೆ: ಒಂದು ಚಾರಿತ್ರಿಕ ವಿವೇಚನೆ

ನುಂಗುವ ನಿಸ್ತಂತು ಉಪಕರಣಗಳ ಚರಿತ್ರೆಯನ್ನು ಗಾತ್ರವು ಕಿರಿದಾಗುತ್ತ ಬಂದ ಕಥೆಯೆಂದು ನಿರೂಪಿಸುವುದು ವಾಡಿಕೆ. ಟ್ರಾನ್ಸಿಸ್ಟರು ಬಂದಿತು, ಯಂತ್ರವು ಗುಳಿಗೆಯಷ್ಟಾಯಿತು, ವೈದ್ಯನಿಗೆ ದೇಹದೊಳಗಿನ ವಾರ್ತೆ ದೊರೆಯಿತು ಎಂಬುದು ಈ ನಿರೂಪಣೆಯ ಸಾರ. ಜಠರದ ಆಮ್ಲವು ಅನ್ನನಾಳಕ್ಕೆ ಮರಳಿ ಏರುವ ವ್ಯಾಧಿಯ ಮಟ್ಟಿಗೆ ಈ ವಿವರಣೆ ಸಾಲದೆಂದು ನಮ್ಮ ಅಭಿಪ್ರಾಯ. ಅಲ್ಲಿ ಗಾತ್ರಕ್ಕಿಂತ ಹೆಚ್ಚಿನ ತೊಡಕಾಗಿ ಪರಿಣಮಿಸಿದುದು ಉಪಕರಣವನ್ನು ಒಂದೆಡೆ ನಿಲ್ಲಿಸುವ ಪ್ರಶ್ನೆ.

1957ರಲ್ಲಿ ಸ್ಟೂವರ್ಟ್ ಮೆಕೇ ಮತ್ತು ಬರ್ಟಿಲ್ ಯಾಕೋಬ್ಸನ್ ಅವರು 'ನೇಚರ್' ಪತ್ರಿಕೆಯಲ್ಲಿ ತಮ್ಮ 'ಎಂಡೋರೇಡಿಯೋಸಾಂಡ್' ಎಂಬ ಸಾಧನವನ್ನು ವರ್ಣಿಸಿದರು. ಜೀರ್ಣಮಾರ್ಗದೊಳಗಿನ ಒತ್ತಡವನ್ನೂ ಉಷ್ಣತೆಯನ್ನೂ ಅದು ರೇಡಿಯೋ ಅಲೆಗಳ ಮೂಲಕ ಹೊರಗೆ ತಿಳಿಸುತ್ತಿತ್ತು. ಅದೇ ವರ್ಷ ಅಮೆರಿಕದಲ್ಲಿ ಜ್ವೊರಿಕಿನ್ ಮತ್ತು ಅವರ ಸಂಗಡಿಗರು ಒತ್ತಡವನ್ನಳೆಯುವ ಇಂಥದೇ ಗುಳಿಗೆಯನ್ನು ಪ್ರಕಟಪಡಿಸಿದರು. ಟೆಲಿವಿಷನ್ನಿನ ಪ್ರವರ್ತಕರಲ್ಲೊಬ್ಬರು ಹೊಟ್ಟೆಯ ವಾರ್ತೆಗೂ ಕಿವಿಗೊಟ್ಟುದು ಸ್ವಾರಸ್ಯಕರವೇ ಸರಿ. ಬಳಿಕ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನೋಲರ್ ಅವರು ಆಮ್ಲವನ್ನಳೆಯುವ ಗುಳಿಗೆಯನ್ನು ಸಿದ್ಧಪಡಿಸಿದರು. ಜಠರಕ್ಕೆ ಅದು ಯೋಗ್ಯವಾದ ಸಾಧನ. ಅನ್ನನಾಳವನ್ನಾದರೋ ನುಂಗಿದ ಗುಳಿಗೆ ಕೆಲವೇ ಕ್ಷಣಗಳಲ್ಲಿ ದಾಟಿಬಿಡುವುದು. ಆಮ್ಲವು ಮೇಲೇರುವುದು ಊಟವಾದ ಮೇಲೆ, ಬಗ್ಗಿದಾಗ, ಮಲಗಿದಾಗ. ಕಾಯಬೇಕಾದ ಕಾವಲುಗಾರ ಆಗಲೇ ಹೊರಟುಹೋಗಿರುತ್ತಾನೆ.

ಈ ಕಾರಣದಿಂದ ವೈದ್ಯರು ತಂತಿಯನ್ನು ಬಿಡಲಾಗಲಿಲ್ಲ. 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ ಅವರು ಮೂಗಿನ ಮೂಲಕ ಇಳಿಸಿದ ತೆಳು ನಳಿಕೆಯಿಂದ 24 ಗಂಟೆಗಳ ಕಾಲ ಅನ್ನನಾಳದ ಆಮ್ಲತೆಯನ್ನು ದಾಖಲಿಸುವ ಕ್ರಮವನ್ನು ವಿವರಿಸಿದರು. ಪಿಎಚ್ 4ಕ್ಕಿಂತ ಕೆಳಗಿಳಿದ ಕಾಲವನ್ನು ಗಣಿಸುವುದು ಇದರ ಆಧಾರ. ಕ್ರಮವು ಶಾಸ್ತ್ರೀಯವಾದುದೇ, ಆದರೆ ಮೂಗಿನಲ್ಲಿ ನಳಿಕೆ ತೂಗುತ್ತಿರುವ ಮನುಷ್ಯನು ಎಂದಿನಂತೆ ಉಣ್ಣುವನೆ, ನಾಲ್ಕು ಜನರೆದುರು ಓಡಾಡುವನೆ? ಆತ ಮಿತವಾಗಿ ಉಂಡು ಮನೆಯಲ್ಲೇ ಕುಳಿತರೆ ವ್ಯಾಧಿಯೂ ಆ ದಿನ ಅಡಗಿಕೊಳ್ಳಬಹುದು. ಅಂಥ ದಾಖಲೆಯನ್ನು ನಂಬಿ ಒಬ್ಬನಿಗೆ ಶಸ್ತ್ರಚಿಕಿತ್ಸೆಯನ್ನು ವಿಧಿಸುವುದೂ ಮತ್ತೊಬ್ಬನಿಗೆ ನಿರಾಕರಿಸುವುದೂ ಸಣ್ಣ ವಿಷಯವಲ್ಲ.

ಪರಿಹಾರವು 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 'ಬ್ರಾವೋ' ಗುಳಿಗೆಯಿಂದ ದೊರೆಯಿತು. ವಾಸ್ತವವಾಗಿ ಇದನ್ನು ರೋಗಿ ನುಂಗುವುದೇ ಇಲ್ಲ. ಸುಮಾರು 25 ಮಿಲಿಮೀಟರ್ ಉದ್ದದ ಈ ಗುಳಿಗೆಯನ್ನು ವೈದ್ಯರು ಒಂದು ಕೊಳವೆಯಿಂದ ಅನ್ನನಾಳಕ್ಕೆ ಇಳಿಸಿ, ಅನ್ನನಾಳದ ಒಳಪೊರೆ ಜಠರದ ಒಳಪೊರೆಯನ್ನು ಕೂಡುವ ಗೆರೆಗಿಂತ 6 ಸೆಂಟಿಮೀಟರ್ ಮೇಲೆ, ಗಾಳಿಯ ಎಳೆತದಿಂದ ಒಳಪೊರೆಯನ್ನು ಹಿಡಿದು, ಸೂಜಿಯೊಂದರಿಂದ ಚುಚ್ಚಿ ನಿಲ್ಲಿಸುತ್ತಾರೆ. ಸೊಂಟಕ್ಕೆ ಕಟ್ಟಿದ ಗ್ರಾಹಕಯಂತ್ರವು ವಾರ್ತೆಯನ್ನು ಬರೆದುಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಗುಳಿಗೆ ತಾನಾಗಿ ಕಳಚಿ ಮಲದೊಡನೆ ಹೊರಬೀಳುತ್ತದೆ. ಕೆಲವರಿಗೆ ಎದೆನೋವು ಉಂಟಾಗುವುದೂ, ಅಪರೂಪವಾಗಿ ಅದನ್ನು ಕಿತ್ತು ತೆಗೆಯಬೇಕಾಗುವುದೂ ಉಂಟು.

ಮೊದಲು 48 ಗಂಟೆ, ಮುಂದೆ 96 ಗಂಟೆಗಳವರೆಗೆ ದಾಖಲಿಸುವ ಅವಕಾಶ ದೊರೆತಾಗ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಒಬ್ಬನೇ ರೋಗಿಯ ಮೊದಲ ದಿನದ ಲೆಕ್ಕ ಎರಡನೆಯ ದಿನದ ಲೆಕ್ಕಕ್ಕೆ ಹೊಂದದಿರಬಹುದು. ಒಂದೇ ದಿನದ ನಳಿಕೆಯ ದಾಖಲೆಯಲ್ಲಿ ಈ ಏರಿಳಿತ ಕಾಣಿಸಿಕೊಳ್ಳುವಂತಿರಲಿಲ್ಲ.